ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು: ಆಸೆ ಯಾಕೆ ಹೋಗಲ್ಲ? ಹಳೇದು ಕೊಳ್ಳೋ ಮುಂಚೆ ಏನೇನು ನೋಡಬೇಕು?

ಯಲಹಂಕ: ಭಾನುವಾರ ಬೆಳಗಿನ ಜಾವ ಹೆಬ್ಬಾಳದಿಂದ ನಂದಿ ಬೆಟ್ಟದ ಕಡೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಎಲ್ಲಾ ಥರದ ಗಾಡಿಗಳೂ ಕಾಣಸಿಗುತ್ತವೆ. ಕೋಟಿ ರೂಪಾಯಿ ಕಾರುಗಳಿಗೆ ಈ ರಸ್ತೆಯಲ್ಲಿ ಈಗ ಲೆಕ್ಕವಿಲ್ಲ. ಆದರೂ ಟೀ ಅಂಗಡಿ ಮುಂದೆ ನಿಂತಾಗ ಜನ ಹತ್ತಿರ ಹೋಗಿ "ಇದು ಯಾವ ಕಾರು ಸಾರ್, ಎಷ್ಟಾಯ್ತು?" ಅಂತ ಕೇಳೋದು ಸಾಮಾನ್ಯವಾಗಿ ದೊಡ್ಡ ಕಾರಿನ ಹತ್ತಿರ ಅಲ್ಲ. ತಗ್ಗಾಗಿ, ಪುಟ್ಟದಾಗಿ, ಮೇಲೆ ತಗಡಿನ ಬದಲು ಬಟ್ಟೆಯ ಮುಚ್ಚಿಗೆ ಇರುವ, ಇಬ್ಬರೇ ಕೂರುವ ಕಾರಿನ ಹತ್ತಿರ. ಯಾಕಂದ್ರೆ ಅದನ್ನು ನೋಡಿದಾಗ "ಇದು ನಮ್ಮ ಕೈಗೂ ಸಿಗಬಹುದೇನೋ" ಅನ್ನಿಸುತ್ತೆ.

ಹಾಗನ್ನಿಸೋದರಲ್ಲಿ ತಪ್ಪಿಲ್ಲ. ಆದರೆ ಹಳೇ ಎರಡು ಸೀಟಿನ ಕಾರು ಅಂತ ಅಡ್ವಾನ್ಸ್ ಕೊಟ್ಟು, ಆಮೇಲೆ ಆರ್‌ಸಿ ಮುಗಿದಿದೆ, ಸ್ಪೇರ್ ಸಿಗಲ್ಲ, ಹೆಸರು ಬದಲಾಗಲ್ಲ ಅಂತ ಒದ್ದಾಡೋ ಪರಿಸ್ಥಿತಿ ಯಾರಿಗೂ ಬೇಡ. ಅದಕ್ಕೇ ಈ ಕಾರುಗಳು ಅಂದ್ರೆ ಏನು, ನಮ್ಮ ದೇಶದಲ್ಲಿ ಯಾವುದು ಬಂದಿತ್ತು, ನಮ್ಮ ಬೆಂಗಳೂರಿಗೂ ಇದಕ್ಕೂ ಏನು ನಂಟು, ಕೊಳ್ಳೋದಾದ್ರೆ ಆರ್‌ಟಿಓ ಲೆಕ್ಕ ಏನು ಅನ್ನೋದನ್ನು ಒಂದೇ ಕಡೆ ಕೊಟ್ಟಿದ್ದೇವೆ.

ಏನಿದು ಎರಡು ಸೀಟಿನ ಕಾರು?

ಸಾಮಾನ್ಯ ಕಾರು ಮಾಡೋದು ಸಂಸಾರಕ್ಕೆ. ನಾಲ್ಕೈದು ಜನ, ಹಿಂದೆ ಡಿಕ್ಕಿ, ಮೇಲೆ ಲಗೇಜು. ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಇದ್ಯಾವುದೂ ಇಲ್ಲ. ಹಿಂದಿನ ಸೀಟು ತೆಗೆದರೆ ಕಾರಿನ ಉದ್ದ ಕಮ್ಮಿ, ತೂಕ ಕಮ್ಮಿ, ಎತ್ತರವೂ ಕಮ್ಮಿ ಮಾಡಬಹುದು. ತೂಕ ಕಮ್ಮಿ ಆದರೆ ಸಣ್ಣ ಎಂಜಿನ್ನೇ ಸಾಕು, ಸಣ್ಣ ಬ್ರೇಕೇ ಸಾಕು. ಹಾಗಾಗಿ ಬೆಲೆಯೂ ಇಳಿಯುತ್ತೆ. ಇದೇ ಅದರ ಗುಟ್ಟು.

ಇನ್ನೊಂದು ವಿಷಯ ಇದೆ. ಡ್ರೈವರ್ ಸೀಟು ನೆಲಕ್ಕೆ ಹತ್ತಿರ ಇರೋದರಿಂದ 50 ಕಿ.ಮೀ. ವೇಗದಲ್ಲಿ ಹೋದರೂ 80ರಲ್ಲಿ ಹೋದ ಹಾಗೆ ಅನ್ನಿಸುತ್ತೆ. ಇನ್ನೂರು ಮುನ್ನೂರು ಹಾರ್ಸ್‌ಪವರ್‌ನ ಕಾರನ್ನು ನಮ್ಮ ರಸ್ತೆಯಲ್ಲಿ ಪೂರ್ತಿ ಒತ್ತೋಕೆ ಜಾಗವೇ ಇಲ್ಲ. ಪುಟ್ಟ ಕಾರಿನ ಖುಷಿ ಕಾನೂನಿನ ವೇಗದ ಒಳಗೇ ಸಿಗುತ್ತೆ. ದೊಡ್ಡ ಕಾರು ಇರುವವರೂ ಇದನ್ನು ಇಷ್ಟಪಡೋಕೆ ಇದು ಮುಖ್ಯ ಕಾರಣ.

ಜಗತ್ತಿನ ಮಾದರಿ: ಮಜ್ದಾ ಮಿಯಾಟಾ

ಈ ಜಾತಿಯ ಕಾರನ್ನು ಮೊದಲು ಮನೆಮಾತು ಮಾಡಿದ್ದು ಇಂಗ್ಲೆಂಡಿನವರು. ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್, ಲೋಟಸ್ ಎಲಾನ್ ಇವೆಲ್ಲ 1960ರ ದಶಕದ ಆರಂಭದಲ್ಲಿ ಬಂದವು. ಇದರಲ್ಲಿ ಸ್ಪಿಟ್‌ಫೈರ್‌ಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಅದನ್ನು ಮಾಡಿದ್ದು ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ. ಅದೇ ಹೆರಾಲ್ಡ್ ಮದ್ರಾಸಿನಲ್ಲಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಅಂತ ತಯಾರಾಗುತ್ತಿತ್ತು. ನಮ್ಮ ಅಜ್ಜಂದಿರ ಕಾಲದವರು ಈ ಹೆಸರು ಕೇಳಿದರೆ ತಕ್ಷಣ ಗುರುತು ಹಿಡಿಯುತ್ತಾರೆ.

ಇಂಗ್ಲಿಷ್ ಕಾರುಗಳ ತೊಂದರೆ ಏನಂದ್ರೆ ಎಣ್ಣೆ ಸೋರಿಕೆ, ವೈರಿಂಗ್ ಕಾಟ, ಮಳೆ ಬಂದರೆ ಒಳಗೆ ನೀರು. 1980ರ ಹೊತ್ತಿಗೆ ಒಂದೊಂದಾಗಿ ನಿಂತುಹೋದವು. ಆಗ ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತ ಜಪಾನಿನ ಮಜ್ದಾ ಕಂಪನಿಯ ಕೆನಿಚಿ ಯಮಾಮೊಟೊ ಅವರಿಗೆ, ಅದೇ ಥರದ ಸರಳ ಕಾರನ್ನು ನೀವು ಯಾಕೆ ಮಾಡಬಾರದು ಅಂತ ಸಲಹೆ ಕೊಟ್ಟರು. ಮುಂದೆ ಅವರೇ ಮಜ್ದಾ ಕಂಪನಿಗೆ ಸೇರಿದರು. 1989ರ ಫೆಬ್ರವರಿಯಲ್ಲಿ ಷಿಕಾಗೋ ಕಾರು ಮೇಳದಲ್ಲಿ ಮಿಯಾಟಾ ಹೊರಬಂತು. 1.6 ಲೀಟರ್ ಎಂಜಿನ್, ಒಂದು ಟನ್‌ಗಿಂತ ಕಮ್ಮಿ ತೂಕ, ಅಮೆರಿಕದಲ್ಲಿ ಸುಮಾರು 14 ಸಾವಿರ ಡಾಲರ್ ಬೆಲೆ.

ಜಪಾನಿನವರು ಈ ಕಾರಿಗೆ ಇಟ್ಟುಕೊಂಡ ಸೂತ್ರ 'ಕುದುರೆಯೂ ಸವಾರನೂ ಒಂದೇ' ಅನ್ನೋದು. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಕಾರು ಅಷ್ಟೇ ತಿರುಗಬೇಕು, ಹೆಚ್ಚೂ ಬೇಡ ಕಮ್ಮಿಯೂ ಬೇಡ. ಎಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ, ತೂಕ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ. 2000ನೇ ಇಸವಿಯಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅಂತ ಗಿನ್ನಿಸ್ ದಾಖಲೆ ಸೇರಿತು. 2016ರ ಏಪ್ರಿಲ್‌ನಲ್ಲಿ 10 ಲಕ್ಷನೇ ಕಾರು ತಯಾರಾಯ್ತು.

ಮಜ್ದಾ ಈ ಕಾರನ್ನು ನಮ್ಮ ದೇಶದಲ್ಲಿ ಮಾರಲಿಲ್ಲ. ಹೊರದೇಶದಿಂದ ಹಳೇದು ತರಿಸೋಣ ಅಂದರೂ ಮೂರು ವರ್ಷಕ್ಕಿಂತ ಹಳೇ ಕಾರನ್ನು ಆಮದು ಮಾಡೋಹಾಗಿಲ್ಲ, ಸುಂಕವೂ ಭಾರಿ. ಹಾಗಾಗಿ "ಅಗ್ಗದಲ್ಲಿ ಇಂಪೋರ್ಟ್ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಹೇಳಿದರೆ ಮೊದಲು ಕಾಗದ ಕೇಳಿ.

ನಮ್ಮ ದೇಶದ್ದು: ಸ್ಯಾನ್ ಸ್ಟಾರ್ಮ್

ಮಿಯಾಟಾ ಬರದಿದ್ದರೂ ನಮ್ಮಲ್ಲೇ ಒಂದು ಪ್ರಯತ್ನ ನಡೆದಿತ್ತು. 1990ರ ದಶಕದ ಕೊನೆಗೆ ಬಂದ ಸ್ಯಾನ್ ಸ್ಟಾರ್ಮ್. ಇದನ್ನು ತಂದ ಸ್ಯಾನ್ ಮೋಟರ್ಸ್ ಬೆಂಗಳೂರಿನ ಸ್ಯಾನ್ ಬಳಗದ್ದು. ವೈಟ್‌ಫೀಲ್ಡ್ ರಸ್ತೆಯಲ್ಲಿ ಕಾರ್ಖಾನೆಗಳಿಗೆ ಬೇಕಾದ ಪುಟ್ಟ ಡೀಸೆಲ್ ರೈಲು ಎಂಜಿನ್ ಮಾಡುತ್ತಿದ್ದ ಬಳಗ ಅದು. ರೈಲು ಎಂಜಿನ್ ಮಾಡುವವರು ಸ್ಪೋರ್ಟ್ಸ್ ಕಾರು ಮಾಡಿದ್ದು ಆ ಕಾಲಕ್ಕೆ ದೊಡ್ಡ ಧೈರ್ಯವೇ. ಕಾರು ತಯಾರಾಗಿದ್ದು ಗೋವಾದಲ್ಲಿ, ವಿನ್ಯಾಸಕ್ಕೆ ಫ್ರಾನ್ಸಿನವರ ಸಹಾಯ ಇತ್ತು.

ಮುಖ್ಯ ವಿವರ ಹೀಗಿದೆ:

* ಎಂಜಿನ್: ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್
* ಶಕ್ತಿ: ಸುಮಾರು 60 ಹಾರ್ಸ್‌ಪವರ್
* ಗೇರು: 5
* ಎಳೆಯೋದು: ಮುಂದಿನ ಚಕ್ರ
* ಬಾಡಿ: ಫೈಬರ್
* ಸೀಟು: 2, ಬಾಗಿಲು: 2, ಮೇಲೆ ತೆರೆಯುವ ಮುಚ್ಚಿಗೆ

60 ಹಾರ್ಸ್‌ಪವರ್ ಅಂದರೆ ಈಗಿನ ಸಾಮಾನ್ಯ ಸಣ್ಣ ಕಾರಿಗೂ ಅಷ್ಟೇ ಇರುತ್ತೆ. ಆದರೆ ಆ ಕಾಲದ ಮಾರುತಿ 800ರಲ್ಲಿ ಇದ್ದದ್ದು 37 ಮಾತ್ರ. ಆ ಲೆಕ್ಕದಲ್ಲಿ ಸ್ಟಾರ್ಮ್ ಚುರುಕು. ರೆನೋದ ಇದೇ ಎಂಜಿನ್ ಯುರೋಪಿನಲ್ಲಿ ಟ್ವಿಂಗೋ, ಕ್ಲಿಯೋ ಎಂಬ ಮಾಮೂಲಿ ಸಂಸಾರದ ಕಾರುಗಳಲ್ಲಿತ್ತು. ಅಂದರೆ ಮಿಯಾಟಾ ಸೂತ್ರವೇ: ಸಾಮಾನ್ಯ ಎಂಜಿನ್, ಹಗುರ ಬಾಡಿ, ಎರಡು ಸೀಟು.

ಹಾಗಾದ್ರೆ ಯಾಕೆ ಹೆಚ್ಚು ಓಡಲಿಲ್ಲ? ಯೋಚನೆ ಮಾಡಿದರೆ ಕಾರಣ ನಮ್ಮ ಮನೆಯಲ್ಲೇ ಸಿಗುತ್ತೆ. ಆ ಕಾಲಕ್ಕೆ ಒಂದು ಮನೆಗೆ ಒಂದೇ ಕಾರು. ಅದೇ ದುಡ್ಡಿಗೆ ನಾಲ್ಕೈದು ಜನ ಕೂರುವ, ಏಸಿ ಇರುವ, ಊರೂರಲ್ಲೂ ಸರ್ವೀಸ್ ಸಿಗುವ ಕಾರು ಬರುವಾಗ ಅಪ್ಪ ಅಮ್ಮನನ್ನು ಬಿಟ್ಟು ಇಬ್ಬರೇ ಕೂರುವ ಕಾರು ಯಾರು ತಗೋತಾರೆ? ಎರಡನೇ ಕಾರು ಇಟ್ಟುಕೊಳ್ಳೋ ಶಕ್ತಿ ಇದ್ದವರು ತೀರಾ ಕಮ್ಮಿ. ಈಗ ಸಹಕಾರನಗರ, ಯಲಹಂಕ ನ್ಯೂ ಟೌನ್, ಆರ್.ಟಿ. ನಗರದ ಎಷ್ಟೋ ಮನೆಗಳಲ್ಲಿ ಎರಡು ಕಾರಿದೆ, ಆದರೆ ಕೊಳ್ಳೋಕೆ ಸ್ಟಾರ್ಮ್ ಇಲ್ಲ. ಕಾರು ಇದ್ದಾಗ ದುಡ್ಡಿರಲಿಲ್ಲ, ದುಡ್ಡಿದ್ದಾಗ ಕಾರಿಲ್ಲ ಅನ್ನೋಹಾಗಾಯ್ತು.

ಬೆಂಗಳೂರಿನ ಇನ್ನೊಂದು ಕನಸು: ರೇವಾ ಎನ್‌ಎಕ್ಸ್‌ಜಿ

ರೇವಾ ಅಂದರೆ ನಮ್ಮ ಊರಿನವರಿಗೆ ನೆನಪಿರುತ್ತೆ. ಬೊಮ್ಮಸಂದ್ರದ ಕಡೆ ತಯಾರಾಗುತ್ತಿದ್ದ, 2001ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ಎಲೆಕ್ಟ್ರಿಕ್ ಕಾರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಲಂಡನ್ನಿನಲ್ಲಿ ಇದೇ ಕಾರು 'ಜಿ-ವಿಜ್' ಹೆಸರಲ್ಲಿ ಓಡಾಡಿತು. ಅದು ಸ್ಪೋರ್ಟ್ಸ್ ಕಾರೇನೂ ಅಲ್ಲ.

ಆದರೆ 2009ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೇಳದಲ್ಲಿ ರೇವಾದವರು ಎರಡು ಹೊಸ ಕಾರು ತೋರಿಸಿದರು. ಒಂದು ಸಂಸಾರಕ್ಕೆ ಎನ್‌ಎಕ್ಸ್‌ಆರ್, ಇನ್ನೊಂದು ಎರಡೇ ಸೀಟಿನ ಎನ್‌ಎಕ್ಸ್‌ಜಿ. ಎನ್‌ಎಕ್ಸ್‌ಜಿ ವಿನ್ಯಾಸ ದಿಲೀಪ್ ಛಾಬ್ರಿಯಾ ಅವರದ್ದು. ಒಂದು ಸಲ ಚಾರ್ಜ್ ಮಾಡಿದರೆ 200 ಕಿ.ಮೀ., ಗಂಟೆಗೆ 130 ಕಿ.ಮೀ. ವೇಗ ಅಂತ ಆಗ ಹೇಳಿದ್ದರು. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ರೇವಾದಲ್ಲಿ ಶೇ. 55.2ರಷ್ಟು ಪಾಲು ತಗೊಂಡಿತು. ಸಂಸಾರದ ಕಾರು 2013ರಲ್ಲಿ 'ಇ2ಓ' ಆಗಿ ರಸ್ತೆಗೆ ಬಂತು. ಎರಡು ಸೀಟಿನದ್ದು ಮೇಳದಲ್ಲೇ ಉಳೀತು. ಸಂಸಾರದ ಕಾರು ಗೆದ್ದಿತು, ಎರಡು ಸೀಟಿನ ಕಾರು ಸೋತಿತು. ಸ್ಟಾರ್ಮ್ ಕಥೆಯೇ ಮತ್ತೆ ನಡೆದ ಹಾಗೆ.

ಈಗ ಅಂಗಡಿಯಲ್ಲಿ ಏನು ಸಿಗುತ್ತೆ?

ಹೊಸ ಎರಡು ಸೀಟಿನ ಕಾರು ಬೇಕು ಅಂದರೆ ಸಿಗುತ್ತೆ, ಆದರೆ ಅಗ್ಗ ಅಲ್ಲ. 2025ರ ಜುಲೈನಲ್ಲಿ ಎಂಜಿ ಕಂಪನಿಯ ಎಲೆಕ್ಟ್ರಿಕ್ ಸೈಬರ್‌ಸ್ಟರ್ ಬಂತು, ಶೋರೂಂ ಬೆಲೆ ಸುಮಾರು 75 ಲಕ್ಷ ರೂ. ಅದಕ್ಕೆ ಮುಂಚೆ 2012ರ ದೆಹಲಿ ಆಟೋ ಎಕ್ಸ್‌ಪೋದಲ್ಲಿ ತೋರಿಸಿದ್ದ ಡಿಸಿ ಅವಂತಿ ಕೂಡ ಎರಡು ಸೀಟಿನದ್ದೇ, ಅದೂ ಹತ್ತು ಲಕ್ಷದೊಳಗಿನ ಮಾತಲ್ಲ. ಅಂದರೆ 'ಸಣ್ಣ, ಅಗ್ಗ, ಎರಡು ಸೀಟು' ಈ ಮೂರೂ ಒಟ್ಟಿಗೆ ಬೇಕು ಅಂದರೆ ಉಳಿಯೋದು ಹಳೇ ಗಾಡಿಯೇ. ಇಲ್ಲಿಂದಲೇ ಜಾಗ್ರತೆ ಶುರುವಾಗಬೇಕು.

ಹಳೇ ಕಾರು ಕೊಳ್ಳೋ ಮುಂಚೆ: ಆರ್‌ಟಿಓ ಲೆಕ್ಕ

1) ಆರ್‌ಸಿ ಅವಧಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂ.ನಿಂದ 5,000 ರೂ.ಗೆ ಏರಿತು. 2025ರ ಆಗಸ್ಟ್‌ನ ಕೇಂದ್ರದ ಅಧಿಸೂಚನೆ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000 ರೂ. ಇದರ ಜೊತೆ ಗ್ರೀನ್ ಟ್ಯಾಕ್ಸ್ ಬೇರೆ.

2) ತಡವಾಗಿದ್ದರೆ ದಂಡ ಲೆಕ್ಕ ಹಾಕಿ. ಕಾರಿಗೆ ತಿಂಗಳಿಗೆ 500 ರೂ. ಉದಾಹರಣೆಗೆ ಆರ್‌ಸಿ ಮುಗಿದು ಮೂರು ವರ್ಷ ಆಗಿದ್ದರೆ 36 ತಿಂಗಳಿಗೆ 18,000, ನವೀಕರಣಕ್ಕೆ 10,000, ಒಟ್ಟು 28,000 ರೂ. ಇದು ರಿಪೇರಿ ಖರ್ಚು ಸೇರಿಸದೆ. ಮಾರುವವರ ಹತ್ತಿರ ಬೆಲೆ ಮಾತಾಡುವಾಗಲೇ ಇದನ್ನು ಕಳೆಯಿರಿ.

3) '15 ವರ್ಷ ಆಯ್ತು, ಗುಜರಿಗೇ' ಅನ್ನೋ ಮಾತು ನಂಬಬೇಡಿ. ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಅನ್ನೋ ಕಟ್ಟುಪಾಡು ದೆಹಲಿ ಸುತ್ತಮುತ್ತಲಿನ ಪ್ರದೇಶದ್ದು. ನಮ್ಮಲ್ಲಿ ಎಫ್‌ಸಿ ಪಾಸಾದರೆ ಓಡಿಸಬಹುದು. ಈ ಮಾತು ಹೇಳಿ ಹೆದರಿಸಿ ಕಮ್ಮಿಗೆ ಹೊಡೆದುಕೊಳ್ಳುವವರೂ ಇರುತ್ತಾರೆ.

4) 'ವಿಂಟೇಜ್' ಅಂತ ಹೆಚ್ಚು ದುಡ್ಡು ಕೊಡಬೇಡಿ. 2021ರ ನಿಯಮದ ಪ್ರಕಾರ ವಿಂಟೇಜ್ ಅಂದರೆ 50 ವರ್ಷ ದಾಟಿರಬೇಕು. 1990ರ ದಶಕದ ಯಾವ ಕಾರೂ ಇನ್ನೂ ಆ ಲೆಕ್ಕಕ್ಕೆ ಬರಲ್ಲ.

5) ಹೊರರಾಜ್ಯದ ಗಾಡಿಯಾ? ಗೋವಾ, ಮಹಾರಾಷ್ಟ್ರ ನಂಬರ್ ಇದ್ದರೆ ಅಲ್ಲಿನ ಆರ್‌ಟಿಓ ಎನ್‌ಒಸಿ (ಫಾರಂ 28) ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳೋದಾದರೆ ಇಲ್ಲಿನ ನಂಬರ್ ಕಡ್ಡಾಯ.

6) ಹೆಸರು ಬದಲಾವಣೆ ತಡ ಮಾಡಬೇಡಿ. ಫಾರಂ 29 ಮತ್ತು 30. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಇದು ಮಾರುವವರಿಗೇ ಹೆಚ್ಚು ಮುಖ್ಯ. ಗಾಡಿ ಕೊಟ್ಟು ದುಡ್ಡು ಎಣಿಸಿಕೊಂಡರೂ ಆರ್‌ಸಿಯಲ್ಲಿ ನಿಮ್ಮ ಹೆಸರಿದ್ದರೆ ಅಪಘಾತದ ಪರಿಹಾರ ನಿಮ್ಮ ತಲೆಗೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕಾರಷ್ಟೇ ಅಲ್ಲ, ಅಂಗಡಿಯ ಹಳೇ ಸ್ಕೂಟರ್, ಲಗೇಜ್ ಆಟೋ ಮಾರುವವರಿಗೂ ಇದೇ ಮಾತು.

7) ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್, ಹೊಗೆ ಸರ್ಟಿಫಿಕೇಟ್, ಬಾಕಿ ಇರುವ ಟ್ರಾಫಿಕ್ ದಂಡ, ಬ್ಯಾಂಕ್ ಸಾಲ ತೀರಿದೆಯಾ ಅನ್ನೋದು, ಇವಿಷ್ಟನ್ನೂ ನಂಬರ್ ಹಾಕಿ ಆನ್‌ಲೈನಲ್ಲೇ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ಆಗಲೇಬೇಕು.

ಯಲಹಂಕ ಕಡೆಯವರಿಗೆ ಸಿಂಗನಾಯಕನಹಳ್ಳಿಯ ಆರ್‌ಟಿಓ (ಕೆಎ-50), ಯಶವಂತಪುರ ಕಡೆಯವರಿಗೆ ಯಶವಂತಪುರ ಆರ್‌ಟಿಓ (ಕೆಎ-04).

ಗ್ಯಾರೇಜ್ ಲೆಕ್ಕ

ಫೈಬರ್ ಬಾಡಿಗೆ ತುಕ್ಕು ಹಿಡಿಯಲ್ಲ ಅನ್ನೋದು ನಿಜ. ಆದರೆ ಅದರ ಕೆಳಗಿರೋ ಕಬ್ಬಿಣಕ್ಕೆ ಹಿಡಿಯುತ್ತೆ. ಹೊರಗೆ ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ, ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಫೈಬರ್ ಬಿರುಕು ಬಿಟ್ಟರೆ ತಗಡಿನ ಹಾಗೆ ಬಡಿದು ಸರಿ ಮಾಡೋಕೆ ಬರಲ್ಲ. ಅದಕ್ಕೆ ಫೈಬರ್ ಕೆಲಸ ಗೊತ್ತಿರುವವರೇ ಬೇಕು.

ಸ್ಟಾರ್ಮ್‌ನ ರೆನೋ ಎಂಜಿನ್ ನಮ್ಮ ರಸ್ತೆಯ ಮಾಮೂಲಿ ಕಾರುಗಳಲ್ಲಿ ಇಲ್ಲ. ಹಾಗಾಗಿ ಜೆ.ಸಿ. ರಸ್ತೆಗೆ ಹೋಗಿ ಹೆಸರು ಹೇಳಿದರೆ ಮಾರುತಿ ಸಾಮಾನು ಸಿಕ್ಕಿದ ಹಾಗೆ ಇದರದ್ದು ಸಿಗುತ್ತೆ ಅಂತ ಅಂದುಕೊಳ್ಳಬೇಡಿ. ಟೈಮಿಂಗ್ ಬೆಲ್ಟ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಎಲ್ಲಿಂದ ತರಿಸುತ್ತಿದ್ದಾರೆ ಅಂತ ಈಗಿನ ಓನರ್‌ನ್ನೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಆ ಗಾಡಿ ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು ಅಂತ ತಿಳಿಯಿರಿ.

ಮಳೆಗಾಲದ ವಿಷಯ ಹೇಳಲೇಬೇಕು. ತಗ್ಗು ಕಾರಿಗೆ ನಮ್ಮ ಹಂಪುಗಳೇ ಮೊದಲ ಶತ್ರು, ಅಂಡರ್‌ಪಾಸಿನ ನೀರು ಎರಡನೇದು. ಮೇಲಿನ ಬಟ್ಟೆ ಮುಚ್ಚಿಗೆಯ ರಬ್ಬರ್ ಒಣಗಿದ್ದರೆ ಸೀಟಿನ ಮೇಲೇ ನೀರು. ನೋಡಲು ಹೋದಾಗ ಒಂದು ಬಕೆಟ್ ನೀರು ಸುರಿದು ನೋಡಿ, ಒಳ್ಳೇ ಓನರ್ ಬೇಡ ಅನ್ನಲ್ಲ.

ಟಾಪ್ ಕಟ್ ಮಾಡಿಸಬೇಡಿ

ನಿಜವಾದ ಎರಡು ಸೀಟಿನ ಕಾರು ಸಿಗದೆ ಕೆಲವು ಹುಡುಗರು ಹಳೇ ಮಾರುತಿ 800, ಜೆನ್ ಕಾರಿನ ಟಾಪ್ ಕಟ್ ಮಾಡಿಸಿ ಹಿಂದಿನ ಸೀಟು ಕಿತ್ತು 'ಕನ್ವರ್ಟಿಬಲ್' ಮಾಡಿಸುತ್ತಾರೆ. ಇದು ಎರಡು ರೀತಿಯಲ್ಲಿ ತಪ್ಪು.

ಮೊದಲನೇದು ಜೀವದ ಪ್ರಶ್ನೆ. ಈ ಕಾರುಗಳಿಗೆ ಲಾರಿಗಿರುವ ಹಾಗೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಟಾಪ್ ಎಲ್ಲ ಸೇರಿ ಒಂದೇ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ಕತ್ತರಿಸಿದರೆ ಪೆಟ್ಟಿಗೆ ಸೊಟ್ಟಗಾಗುತ್ತೆ. ಹಂಪ್ ಹಾರಿದಾಗ ಬಾಗಿಲು ತಾನಾಗೇ ತೆಗೆದುಕೊಳ್ಳೋದು ಇದೇ ಕಾರಣಕ್ಕೆ. ಅಪಘಾತ ಆದರೆ ತಲೆ ಉಳಿಸೋಕೆ ಏನೂ ಇರಲ್ಲ. ಮೂಲದಲ್ಲೇ ತೆರೆದ ಕಾರು ಮಾಡುವ ಕಂಪನಿ ಕೆಳಗಿನ ಭಾಗಕ್ಕೆ ಹೆಚ್ಚು ಬಲ ಕೊಟ್ಟಿರುತ್ತೆ. ಗ್ಯಾಸ್ ಕಟರ್ ಹಿಡಿದವರು ಅದನ್ನು ಕೊಡಲ್ಲ.

ಎರಡನೇದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಿಸಿದವರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಇಂಥ ಗಾಡಿಗೆ ಎಫ್‌ಸಿ ಸಿಗೋದು ಕಷ್ಟ, ಇನ್ಶೂರೆನ್ಸ್ ಕ್ಲೇಮ್ ಕೂಡ ತಿರಸ್ಕಾರ ಆಗಬಹುದು.

ಇನ್ಶೂರೆನ್ಸ್ ಮತ್ತು ಸುರಕ್ಷತೆ

1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಲ್ಲಿ ನಿಗದಿಯಾದ ದರದ ಪ್ರಕಾರ ವರ್ಷಕ್ಕೆ 3,416 ರೂ., ಜಿಎಸ್‌ಟಿ ಲೆಕ್ಕ ಬೇರೆ. ಇದು ಕಡ್ಡಾಯ. ಆದರೆ ಇದರಲ್ಲಿ ನಿಮ್ಮ ಕಾರಿಗೆ ಏನಾದರೂ ಆದರೆ ದುಡ್ಡು ಬರಲ್ಲ. ಫುಲ್ ಇನ್ಶೂರೆನ್ಸ್ ಬೇಕಾದರೆ, 5 ವರ್ಷ ದಾಟಿದ ಗಾಡಿಯ ಬೆಲೆಯನ್ನು ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳಬೇಕು. ಗಾಡಿ ಕೊಳ್ಳುವ ಮುಂಚೆಯೇ ಏಜೆಂಟ್ ಹತ್ತಿರ ಕೇಳಿ, ಕೊಂಡ ಮೇಲೆ ಅಲ್ಲ.

ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರಲ್ಲಿ. ಅದಕ್ಕಿಂತ ಎಷ್ಟೋ ಮುಂಚಿನ ಕಾರಿನಿಂದ ಇವನ್ನು ನಿರೀಕ್ಷಿಸಬೇಡಿ. ಏರ್‌ಪೋರ್ಟ್ ರಸ್ತೆಯಲ್ಲಿ ಬಸ್ಸು, ಟಿಪ್ಪರ್ ಪಕ್ಕದಲ್ಲಿ ತಗ್ಗು ಕಾರು ಓಡಿಸುವಾಗ ದೊಡ್ಡ ಗಾಡಿಯ ಡ್ರೈವರ್‌ಗೆ ನೀವು ಕಾಣೋದೇ ಇಲ್ಲ. ಹಗಲಲ್ಲೂ ಲೈಟ್ ಹಾಕಿಕೊಂಡು ಓಡಿಸಿ, ಅವರ ಎಡಕ್ಕೆ ನುಗ್ಗಬೇಡಿ.

ಯಾರಿಗೆ ಸರಿ, ಯಾರಿಗೆ ಬೇಡ?

ಮನೆಯಲ್ಲಿ ಸಂಸಾರಕ್ಕೆ ಬೇರೆ ಗಾಡಿ ಇದೆ, ನಿಲ್ಲಿಸೋಕೆ ಶೆಡ್ ಇದೆ, ಒಬ್ಬ ನಂಬಿಕೆಯ ಮೆಕ್ಯಾನಿಕ್ ಇದ್ದಾನೆ, ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ರಿಪೇರಿಗೆ ಅಂತ ಪಕ್ಕಕ್ಕೆ ಇಡೋಕಾಗುತ್ತೆ ಅನ್ನೋರು ಧೈರ್ಯವಾಗಿ ನೋಡಬಹುದು. ಇಂಥ ಕಾರು ಕೊಡುವ ಖುಷಿ ಬೇರೆ ಯಾವುದೂ ಕೊಡಲ್ಲ ಅನ್ನೋದು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಮಿಯಾಟಾ ಮಾರಾಟ ಆಗುತ್ತಿರೋದರಿಂದಲೇ ಗೊತ್ತಾಗುತ್ತೆ.

ಅಂಗಡಿಗೆ ಮಾಲು ತರೋಕೂ ಇದೇ, ಮಕ್ಕಳನ್ನು ಸ್ಕೂಲಿಗೆ ಬಿಡೋಕೂ ಇದೇ, ಊರಿಗೆ ಹೋಗೋಕೂ ಇದೇ ಅನ್ನೋರಿಗೆ ಇದು ಬೇಡ. ಯಶವಂತಪುರ ಯಾರ್ಡಿನಿಂದ ಒಂದು ಮೂಟೆ ಈರುಳ್ಳಿ ತರೋಕೂ ಇದರಲ್ಲಿ ಜಾಗ ಇರಲ್ಲ. ಸಾಲ ಮಾಡಿ ಕೊಳ್ಳೋದಂತೂ ಬೇಡವೇ ಬೇಡ. ಇಷ್ಟು ಹಳೇ ಗಾಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡಲ್ಲ, ಆಮೇಲೆ ಕೈಸಾಲ, ಬಡ್ಡಿ ದುಡ್ಡು ಅಂತ ಹೋಗಬೇಕಾಗುತ್ತೆ.

ಕೊನೆಯದಾಗಿ ಒಂದು ಮಾತು: ಆರ್‌ಸಿ ನೋಡದೆ, ಮೆಕ್ಯಾನಿಕ್ ಕರೆದುಕೊಂಡು ಹೋಗದೆ ಬ್ರೋಕರ್ ಕೈಗೆ ಒಂದು ರೂಪಾಯಿಯೂ ಅಡ್ವಾನ್ಸ್ ಕೊಡಬೇಡಿ. ಶುಲ್ಕ, ದಂಡದ ಲೆಕ್ಕ ಆಗಾಗ ಬದಲಾಗುತ್ತಿರುತ್ತೆ, ದುಡ್ಡು ಕಟ್ಟುವ ದಿನ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ.